ಒಂದು ಕೈ ಬಿಟ್ಟು ಸುತ್ತು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ಕೇಳಿ. ರೇಷ್ಮೆಹುಳು ಸಾಕುವ ಒಂದೂರಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಮುದ್ದೀರ. ಆಳು ನೋಡಿದರೆ ಆರಡಿ, ಬುದ್ಧಿ ನೋಡಿದರೆ ಬೆರಳುದ್ದ. ಹೇಳಿದ ಮಾತನ್ನು ಒಂದಕ್ಷರ ಬಿಡದೆ ಪಾಲಿಸುತ್ತಿದ್ದ, ಅದೇ ಫಜೀತಿ. ಹಾಲು ಉಕ್ಕುತ್ತೆ ನೋಡ್ಕೋ ಅಂದರೆ ಉಕ್ಕಿ ಒಲೆ ಆರುವವರೆಗೂ ನೋಡಿಕೊಂಡು ಕೂತಿರುತ್ತಿದ್ದ. ಇಂಥವನಿಗೂ ದೇವೀರಿ ಅನ್ನುವ ಒಳ್ಳೆಯ ಹೆಂಡತಿ ಸಿಕ್ಕಿದಳು, ಒಂದು ಹೆಣ್ಣುಕೂಸೂ ಹುಟ್ಟಿತು.

ಕೂಸಿಗೆ ಮೂರು ತಿಂಗಳು ತುಂಬಿತು. ಮಲಗಿಸುವಾಗೆಲ್ಲ ಸಾಕಮ್ಮ ಹಳೇ ಸೀರೆಯ ತುಂಡಿನಲ್ಲಿ ಕೈಕಾಲು ಸೇರಿಸಿ ಸುತ್ತುತ್ತಿದ್ದಳು. ಸುತ್ತಿದರೆ ಬೆಚ್ಚಿಬೀಳದೆ ನಿದ್ದೆ ಮಾಡುತ್ತಿತ್ತು. ಆ ವಾರ ಊರಿಗೆ ಬಂದ ನರ್ಸಮ್ಮ ನೋಡಿ, ಇದು ಇನ್ನೇನು ಮಗ್ಗುಲಾಗುವ ಕೂಸು, ಸುತ್ತುವುದು ನಿಲ್ಲಿಸುವ ಕಾಲ ಬಂತು ಅಂದರು. ಸುತ್ತಿದ ಹಾಗೇ ಬೋರಲು ಬಿದ್ದರೆ ಕೈ ಊರಿ ಮುಖ ಎತ್ತಲಾಗುವುದಿಲ್ಲ, ಉಸಿರು ಕಟ್ಟೀತು. ಮೂರು ನಾಲ್ಕು ದಿನ ಒಂದು ಕೈ ಬಿಟ್ಟು ಸುತ್ತಿ, ಆಮೇಲೆ ಎರಡೂ ಕೈ ಬಿಡಿ, ಆಮೇಲೆ ಬಟ್ಟೆಯೇ ಬೇಡ. ನಡುವೆ ಮಗ್ಗುಲಾಗಲು ಹೆಣಗಿದರೆ ಆಗಿಂದಾಗಲೇ ಬಿಡಿಸಿಬಿಡಿ ಅಂತಲೂ ಹೇಳಿ ಹೋದರು. ಉಸಿರು ಅನ್ನುವ ಮಾತು ಸಾಕಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಅದೇ ವಾರ ಹುಳುಗಳಿಗೂ ಎಲ್ಲಿಲ್ಲದ ಹಸಿವು. ಅತ್ತೆ ಸೊಸೆ ಇಬ್ಬರೂ ಸೊಪ್ಪು ಹಾಕಿ ಹಾಕಿ ಸೋತರು, ಹುಳುಮನೆ ಬಿಟ್ಟು ಬರುವಂತಿಲ್ಲ. ಕೂಸಿನ ಹತ್ತಿರ ಇರಲು ಮುದ್ದೀರನೊಬ್ಬನೇ ಗತಿ. ಒಂದು ಕೈ ಬಿಟ್ಟು ಸುತ್ತಪ್ಪಾ ಅಂತ ಮೂರು ಸಲ ಹೇಳಿ ಸಾಕಮ್ಮ ಹೋದಳು.

ಮುದ್ದೀರ ತನ್ನ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆ ಕೈ ಬಿಟ್ಟು, ಬಲಗೈಯೊಂದರಲ್ಲೇ ಸುತ್ತಿದ. ಬಟ್ಟೆ ಜಾರಿದಾಗ ಹಲ್ಲಲ್ಲಿ ಕಚ್ಚಿ ಎಳೆದ. ಸಾಕಮ್ಮ ಬಂದು ನೋಡಿದರೆ ಕೂಸು ಒಂದು ಕಡೆ, ಬಟ್ಟೆ ಒಂದು ಕಡೆ, ಮಗನ ಬಾಯಲ್ಲಿ ಸೀರೆಯ ದಾರ. ಅವಳು ಚೆನ್ನಾಗಿ ಬೈದು, ನಿನ್ನ ಕೈಯಲ್ಲ ಕಣೋ ಪೆದ್ದೇ, ಕೂಸಿನ ಕೈ ಬಿಡು ಅಂದಳು.

ಮಾರನೇ ದಿನ ಬಂದರೆ ಮುದ್ದೀರ ಕೂಸಿನ ಎರಡೂ ಕೈ ಹಿಡಿದುಕೊಂಡು ಗೊಳೋ ಅಂತ ಅಳುತ್ತಿದ್ದಾನೆ. ಬೆಳಗಿನಿಂದ ಮುದ್ದೆ ಮುಟ್ಟಿಲ್ಲ.

"ಹೆತ್ತ ಕೂಸಿನ ಕೈ ಬಿಡು ಅಂತೀಯಲ್ಲವ್ವ. ನೀ ಏನಾರ ಅನ್ನು, ನಾ ಬಿಡಾಕಿಲ್ಲ."

ಪೆದ್ದನಾದರೂ ಅಪ್ಪನಾಗಿದ್ದಾನಲ್ಲ ಅಂತ ಸಾಕಮ್ಮನ ಹೊಟ್ಟೆ ತಣ್ಣಗಾಯಿತು. ಆದರೂ ಬೈದಳು, ಬೈಯದಿದ್ದರೆ ಅವನಿಗೆ ತಲೆಗೆ ಹೋಗದು. ಕೈ ಹೊರಗಿರಲಿ, ಮೈ ಒಳಗಿರಲಿ, ಅಷ್ಟೇ ಕಣಪ್ಪಾ ಅಂತ ಬಿಡಿಸಿ ಹೇಳಿದಳು.

ಮೂರನೇ ದಿನ ಅವಳು ಬೀದಿಯಲ್ಲಿ ಬರುತ್ತಿದ್ದರೆ ಮನೆ ಕಿಟಕಿಯ ಸರಳಿನ ಸಂದಿಯಿಂದ ಒಂದು ಪುಟ್ಟ ಕೈ ಹೊರಗೆ ಚಾಚಿದೆ. ಪಕ್ಕದ ಮನೆಯ ಕರು ಅದನ್ನು ನೆಕ್ಕುತ್ತಿದೆ. ಒಳಗೆ ಮುದ್ದೀರ ಕೂಸನ್ನು ಎತ್ತಿ ಹಿಡಿದು ನಿಂತಿದ್ದಾನೆ, ಕೈ ಮನೆಯಿಂದ ಹೊರಗೆ, ಮೈ ಮನೆಯೊಳಗೆ. ಕೂಸೇನೋ ಕಿಲಕಿಲ ನಗುತ್ತಿತ್ತು. ಸಾಕಮ್ಮ ಮಾತ್ರ ಹಣೆ ಚಚ್ಚಿಕೊಂಡಳು.

ನಾಲ್ಕನೇ ದಿನ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಬಂತು. ಹಣ್ಣಾದ ಹುಳು ಕಾಯುವುದಿಲ್ಲ, ಒಂದೊಂದನ್ನೇ ಆರಿಸಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು, ಅಲ್ಲೇ ಅವು ಗೂಡು ಕಟ್ಟುವುದು. ಈ ಸಲ ಸಾಕಮ್ಮ ಜಾಣತನ ಮಾಡಿ, ಮಗನಿಗೆ ಸುತ್ತುವ ಕೆಲಸವನ್ನೇ ಕೊಡಲಿಲ್ಲ. ಕೂಸಿನ ಮೇಲಿಂದ ಕಣ್ಣು ತೆಗೆಯಬೇಡ, ಮಗ್ಗುಲಾಗಲು ಒದ್ದಾಡಿದರೆ ಬಟ್ಟೆ ಬಿಡಿಸು ಅಂತಷ್ಟೇ ಹೇಳಿ ಓಡಿದಳು.

ಅರ್ಧ ಹುಳು ಬಿಟ್ಟಾದ ಮೇಲೆ ಅವಳ ಕೈ ಗಕ್ಕನೆ ನಿಂತಿತು. ಬೆಳಿಗ್ಗೆ ಕೂಸು ಅಳುತ್ತಿತ್ತು, ಹೊತ್ತಾಗಿತ್ತು. ಅವಸರದಲ್ಲಿ ತಾನೇ ಹಳೇ ರೂಢಿಯಂತೆ ಎರಡೂ ಕೈ ಒಳಗೆ ಸೇರಿಸಿ ಬಿಗಿಯಾಗಿ ಸುತ್ತಿ ಬಂದಿದ್ದಳು! ದೇವೀರಿಯನ್ನು ಹುಳುಗಳ ಹತ್ತಿರವೇ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಮಗನನ್ನು ಪೆದ್ದ ಅಂದ ನಾಲಿಗೆ ಸೇದಿಹೋಗಲಿ ಅಂತ ತನ್ನನ್ನೇ ಶಪಿಸಿಕೊಂಡು ಓಡಿದಳು.

ಬಾಗಿಲು ತಳ್ಳಿದಳು. ಕೂಸು ಬೋರಲು ಬಿದ್ದಿತ್ತು. ಸಾಕಮ್ಮನ ಜೀವ ಹಾರಿತು. ಆಮೇಲೆ ನೋಡಿದಳು, ಬಟ್ಟೆ ಅತ್ತ ಬಿದ್ದಿದೆ, ಎರಡೂ ಕೈ ಚಾಪೆಗೆ ಊರಿ ಕೂಸು ತಲೆಯೆತ್ತಿದೆ, ಜೊಲ್ಲು ಸುರಿಸುತ್ತಾ ಅಪ್ಪನನ್ನೇ ನೋಡುತ್ತಿದೆ. ಅಪ್ಪ ಕೂಸನ್ನೇ ನೋಡುತ್ತಿದ್ದಾನೆ. ಎರಡೂ ಕೈಯಿಂದ ರೆಪ್ಪೆ ಅಗಲಿಸಿ ಹಿಡಿದಿದ್ದಾನೆ, ಕಣ್ಣು ಕೆಂಡವಾಗಿ ನೀರು ಧಾರೆಯಾಗಿ ಇಳಿಯುತ್ತಿದೆ.

"ಮಗ್ಗುಲಾಗಕ್ಕೆ ಒದ್ದಾಡ್ತು ಕಣವ್ವ, ಬಿಡಿಸ್ದೆ. ಇನ್ನಾರ ಕಣ್ಣು ಮುಚ್ಚಲಾ?"

"ಮುಚ್ಚಪ್ಪಾ," ಅಂದಳು ಸಾಕಮ್ಮ. "ನೀ ಮುಚ್ಚು, ನಾ ನೋಡ್ಕತೀನಿ." ಅಲ್ಲೇ ಕುಸಿದು ಕೂತು ಅತ್ತಳು, ನಕ್ಕಳು, ಮಗನ ತಲೆ ನೇವರಿಸಿದಳು. ಎದೆಯ ಮುಳ್ಳು ಅವತ್ತು ಕಿತ್ತುಬಂತು. ಅಂದಿನಿಂದ ಸುತ್ತುಬಟ್ಟೆ ಒಲೆ ಒರೆಸಲು ಹೋಯಿತು. ಎರಡು ದಿನ ಕೂಸು ಬೆಚ್ಚಿಬಿದ್ದು ಅತ್ತಿತು, ಮೂರನೇ ದಿನದಿಂದ ಎರಡೂ ಕೈ ಚೆಲ್ಲಿ ಅಂಗಾತ ಮಲಗಿ ಸುಖವಾಗಿ ನಿದ್ದೆ ಮಾಡಿತು.

ಸಾಕಮ್ಮನಿಗೆ ಮಗನ ಮೇಲೆ ಭರವಸೆ ಬಂದುಬಿಟ್ಟಿತು, ಪಾಪ. ಐದಾರು ದಿನ ಕಳೆದು ಗೂಡು ಗಟ್ಟಿಯಾಯಿತು, ಚಂದ್ರಿಕೆಯಿಂದ ಬಿಡಿಸಬೇಕು. ಕೂಸನ್ನು ಬಿಡಿಸಿದೆಯಲ್ಲ, ಹಾಗೇ ನಿಧಾನವಾಗಿ ಈ ಗೂಡು ಬಿಡಿಸು ಅಂತ ಒಂದು ಚಂದ್ರಿಕೆ ಅವನ ಮುಂದಿಟ್ಟು, ನೀರಿಗೆ ಹೋಗಿಬಂದಳು.

ಬಂದು ನೋಡಿದರೆ ಗೂಡು ಒಂದೂ ಇಲ್ಲ. ಹರಿದ ರೇಷ್ಮೆ ಮನೆ ತುಂಬಾ ಹಾರಾಡುತ್ತಿದೆ. ಚಾಪೆಯ ಮೇಲೆ ಗೂಡಿನೊಳಗಿನ ಹುಳುಗಳನ್ನೆಲ್ಲ ಸಾಲಾಗಿ ಅಂಗಾತ ಮಲಗಿಸಿ ಮುದ್ದೀರ ಒಂದೊಂದನ್ನೇ ತಟ್ಟುತ್ತಿದ್ದಾನೆ. ಅವ್ವ ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟ.

"ಮೆತ್ತಗೆ ಕಣವ್ವ, ಈಗ ಮಲಗವೆ. ಮೊದಲು ಒಂದೊಂದು ಕೈ ಬಿಡಾನ ಅಂತ ಹುಡುಕ್ದೆ. ಒಂದಕ್ಕೂ ಕೈ ಸಿಗ್ಲಿಲ್ಲ, ಅದಕ್ಕೇ ಎಲ್ಲಾದರ ಬಟ್ಟೆನೂ ತೆಗೆದ್ಬಿಟ್ಟೆ."