ಬಸುರಿ ಕಂಡ ಹಾವು

ಶ್ರಾವಣ ಬಹುಳ ತದಿಗೆ. ಬೆಳಗಿನಿಂದ ಜಿಟಿಜಿಟಿ ಮಳೆ; ಮಧ್ಯಾಹ್ನ ಬಿಸಿಲು ಬಂತು.

ಶಿಷ್ಯ ಕೇಳಿದ: “ಗುರುಗಳೇ, ಕಣ್ಣಾರೆ ಕಂಡದ್ದರಿಂದಲೂ ಮನುಷ್ಯ ಮೋಸಹೋಗುವುದುಂಟೇ? ಹಗ್ಗವನ್ನು ಹಾವೆಂದು ಕಂಡವನ ಕತೆ ಮಾತ್ರ ಬೇಡ. ಅದನ್ನು ಕೇಳಿ ಕೇಳಿ ಸಾಕಾಗಿದೆ.”

ಗುರುಗಳು ನಕ್ಕರು. “ಆಗಲಿ. ಹಾವನ್ನು ಹಾವೆಂದೇ ಕಂಡವರ ಕತೆ ಹೇಳುತ್ತೇನೆ.”

ಒಂದೂರಿನಲ್ಲಿ ಒಬ್ಬ ಕುಂಬಾರ. ಅವನ ಹೆಂಡತಿ ತುಂಬಿದ ಬಸುರಿ. ಮರುದಿನ ಅವಳಿಗೆ ಬಳೆ ತೊಡಿಸುವ ಶಾಸ್ತ್ರ. ತವರಿನವರು ಸೀರೆ, ಬಳೆ, ಹೋಳಿಗೆ ಕಟ್ಟಿಕೊಂಡು ಆಗಲೇ ಹೊರಟಿದ್ದರು.

ಅವಳು ಅಂಗಳದಲ್ಲಿ ಹದಕ್ಕೆ ಹಾಕಿದ್ದ ಮಣ್ಣಿನ ಮೇಲಿನ ಒದ್ದೆ ಗೋಣಿ ಸರಿಸಿದಳು. ಕೆಳಗೆ ಗೇಣುದ್ದದ ಕಪ್ಪನೆಯದೊಂದು ಹರಿದಾಡಿತು. ಗಂಡ ಎರೆಹುಳು ಎಂದ. ಅದು ನಾಲಗೆ ಚಾಚಿತು. ಎರೆಹುಳುವಿಗೆ ನಾಲಗೆಯಿಲ್ಲ. ಅತ್ತೆ ನಾಗರ ಮರಿ ಎಂದಳು. ಕಡ್ಡಿಯಿಂದ ಮುಟ್ಟಿದರೂ ಅದು ಹೆಡೆ ಎತ್ತಲಿಲ್ಲ. ಅತ್ತೆ ಬಗ್ಗಿ ನೋಡಿದಳು. ಕಣ್ಣಿರಬೇಕಾದಲ್ಲಿ ಮಾಸಿದ ಚುಕ್ಕೆ, ಅಷ್ಟೆ.

ಬಸುರಿಯ ಕಣ್ಣಿಗೆ ಬಿದ್ದ ಹಾವು ಕುರುಡಾಗುತ್ತದೆ ಎಂದು ಆ ಸೀಮೆಯ ನಂಬಿಕೆ. ಅತ್ತೆ ಎದೆ ಬಡಿದುಕೊಂಡಳು.

“ನಾಗಪ್ಪನ ಕಣ್ಣು ಕಳೆದೆಯಲ್ಲೇ! ಹುಟ್ಟುವ ಕೂಸಿಗೆ ಶಾಪ ತಟ್ಟದೆ ಬಿಟ್ಟೀತೇ? ಈಗ ಬಳೆಯೂ ಇಲ್ಲ, ಶಾಸ್ತ್ರವೂ ಇಲ್ಲ. ನಿನ್ನ ತವರಿನವರು ಬಂದ ದಾರಿಯಲ್ಲೇ ಹೋಗಲಿ.” ಕಣ್ಣು ಬಂದರೆ ಚೊಂಬು ತುಂಬ ಹಾಲು ಎಂದು ಅಲ್ಲೇ ಹರಕೆಯನ್ನೂ ಹೊತ್ತಳು.

ಸೊಸೆ ಅಳಲಿಲ್ಲ. “ಅತ್ತೆ, ಮೂಲೆಯ ಒಡಕು ಮಡಕೆಗಳ ರಾಶಿಯನ್ನು ನಾನು ಈ ಮನೆಗೆ ಬಂದಾಗಿನಿಂದ ಯಾರೂ ಕದಲಿಸಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಅದರಡಿಯಲ್ಲೂ ಇಂಥವು ಇದ್ದಾವು, ನೀವೇ ಎತ್ತಿ ನೋಡಿ. ನಾನು ನೋಡದ ಹಾವಿಗೆ ಕಣ್ಣಿರಬೇಕಲ್ಲ?”

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಒಂದೊಂದೇ ಮಡಕೆ ಎತ್ತಿಟ್ಟಳು. ತಳದ ತೇವದಲ್ಲಿ ಅಂಥವೇ ಇನ್ನೆರಡು, ಇರುವೆಯ ಮೊಟ್ಟೆ ತಿನ್ನುತ್ತಿದ್ದವು. ಎರಡಕ್ಕೂ ಕಣ್ಣಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಮಡಕೆ ಕೆಳಗಿಟ್ಟು ಹೇಳಿದಳು: “ಇವನ್ನು ಯಾವ ಬಸುರಿ ನೋಡಿದಳೋ!”

“ಇವನ್ನು ನೋಡಿದವಳು ನೀನೊಬ್ಬಳೇ ಅವ್ವಾ,” ಎಂದ ಮಗ. “ನಾಳೆ ನಿನಗೂ ಬಳೆ ತೊಡಿಸೋಣವೇ?”

ಅತ್ತೆ ಮಣ್ಣಿನ ಹೆಂಟೆ ತೆಗೆದು ಅವನತ್ತ ಎಸೆದಳು. ಎಸೆಯುತ್ತಲೇ ನಕ್ಕಳು. ಬಾಗಿಲ ಹಿಂದೆಯೂ ನಗು ಕೇಳಿತು. ಅದು ಹುಟ್ಟಾ ಕುರುಡು ಜಾತಿಯ ಹಾವು; ವಿಷವಿಲ್ಲ, ಯಾರ ಗೊಡವೆಯೂ ಇಲ್ಲ. ಮರುದಿನ ಸೊಸೆಗೆ ಮೊಣಕೈವರೆಗೆ ಬಳೆ ತೊಡಿಸಿದರು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೂ ನಗು ಬಂದಿತ್ತು. ಆದರೂ ಅವನು ಲೆಕ್ಕ ಬಿಡುವವನಲ್ಲ.

“ಅಂತೂ ಅತ್ತೆಗೆ ಹರಕೆಯ ಹಾಲು ಉಳಿಯಿತು. ಹಾವಿಗೆ ಕಣ್ಣು ಬರಲಿಲ್ಲವಲ್ಲ.”

“ಉಳಿಯಲಿಲ್ಲ. ಅಂದೇ ಸಂಜೆ ಚೊಂಬು ತುಂಬ ಹಾಲು ಕಾಯಿಸಿ, ಬೆಲ್ಲ ಹಾಕಿ, ಸೊಸೆಯ ಕೈಗೆ ಕೊಟ್ಟಳು.”

“ಏಕೆ ಗುರುಗಳೇ?”

“ಹರಕೆ ಹೊತ್ತದ್ದು ಕಣ್ಣು ಬಂದರೆ ಎಂದು. ಹಾವಿಗಲ್ಲದಿದ್ದರೂ ಅತ್ತೆಗೆ ಬಂದಿತ್ತಲ್ಲ.”