ಹಿಂದಿನ ಸಾಲಿಗೆ ಗಾಳಿ

"ಬುದ್ಧಿ, ಒಬ್ಬರಿಗೆ ಎಷ್ಟು ಕೊಟ್ರೂ ಅದು ಅವರಿಗೆ ಮುಟ್ಟೋದೇ ಇಲ್ಲ ಅಂದ್ರೆ, ಇನ್ನೂ ಕೊಡ್ಬೇಕಾ, ಸಾಕು ಅಂತ ಕೈ ಬಿಡ್ಬೇಕಾ?" ಎಂದು ಹಾಲೇಶ ಕೇಳಿದ.

ಸ್ವಾಮಿಗಳು ಮಠದ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಾರಿಗೆ ಕೊಟ್ಟೆ, ಏನೇನು ಕೊಟ್ಟೆ ಎಂದು ವಿಚಾರಿಸಿದರು. ಹಾಲೇಶ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವನ ಅಕ್ಕ. ಅವಳಿಗೆ ಹಬ್ಬ ಹಬ್ಬಕ್ಕೂ ಸೀರೆ ಕೊಟ್ಟ. ಮಿಕ್ಸಿ ಕೊಟ್ಟ, ಟಿ.ವಿ. ಕೊಟ್ಟ, ಮಂಚ ಹಾಸಿಗೆ ಕೊಟ್ಟ. ಹೋದ ವಾರ ಫ್ರಿಜ್ಜನ್ನೂ ಕೊಟ್ಟ. ಅಂಗಡಿ ಬಿಟ್ಟು ಕದಲುವ ಹಾಗಿರಲಿಲ್ಲ, ಆದರೂ ತಾನೇ ಹೋಗಿ, ಚಪ್ಪಲಿ ಕೂಡ ಕಳಚದೆ ಬಾಗಿಲಲ್ಲೇ ಇಳಿಸಿ ಓಡಿ ಬಂದಿದ್ದ. ಅಕ್ಕ ಎಲ್ಲಕ್ಕೂ "ಆಯ್ತಪ್ಪ" ಎನ್ನುತ್ತಾಳೆ. ಮುಖದಲ್ಲಿ ಮಾತ್ರ ಚೂರೂ ಗೆಲುವಿಲ್ಲ. ದೀಪಾವಳಿಯೊಳಗೆ ಅವಳ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿಕೊಡಲೇ ಎಂದು ಯೋಚಿಸುತ್ತಿದ್ದೇನೆ ಎಂದ. ಅದಕ್ಕೂ ಅವಳ ಮುಖ ಅರಳದಿದ್ದರೆ ಏನು ಗತಿ ಎಂದು ಕೇಳಿದ.

ಸ್ವಾಮಿಗಳು ಮೊರವನ್ನು ಅವನ ಕಡೆ ಸರಿಸಿ, ನೀನೂ ಸುಲಿ ಎಂದರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ನೇಯ್ಗೆ ಮಿಲ್ಲು. ಅಲ್ಲಿಯ ಮಗ್ಗಗಳಿಗೆ ಅಡ್ಡನೂಲು ಒಯ್ಯುವ ಲಾಳಿ ಇರಲಿಲ್ಲ. ಗಾಳಿಯೇ ಹೊಕ್ಕಿನ ನೂಲನ್ನು ಈ ಅಂಚಿನಿಂದ ಆ ಅಂಚಿಗೆ ಊದಿ ದಾಟಿಸುತ್ತಿತ್ತು. ಗಾಳಿಯ ಬಲ ಕಡಿಮೆಯಾದರೆ ನೂಲು ನಡುದಾರಿಯಲ್ಲೇ ಬೀಳುತ್ತಿತ್ತು, ಮಗ್ಗ ನಿಲ್ಲುತ್ತಿತ್ತು, ಅದರ ನೆತ್ತಿಯ ಮೇಲೆ ಕೆಂಪು ದೀಪ ಹತ್ತುತ್ತಿತ್ತು. ಆ ಗಾಳಿಯನ್ನು ಒತ್ತಿ ತುಂಬಿ ಕಳಿಸಲು ಹಿತ್ತಲಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ದೊಡ್ಡ ಕಂಪ್ರೆಸರ್, ಅದನ್ನು ನೋಡಿಕೊಳ್ಳಲು ಒಬ್ಬ ಆಳು. ಅವನನ್ನು ಎಲ್ಲರೂ ಗಾಳಿಯವನು ಎಂದೇ ಕರೆಯುತ್ತಿದ್ದರು.

ಗಾಳಿಯವನು ಬಲು ಒಳ್ಳೆಯವನು. ಅವನ ತೊಂದರೆ ಇದ್ದದ್ದೇ ಅಲ್ಲಿ. ಇಲ್ಲ ಎನ್ನುವ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಮಗ್ಗದ ಕಡೆಯಿಂದ ಯಾರಾದರೂ ಗಾಳಿ ಸಾಲದು ಎಂದರೆ ಸಾಕು, ಒತ್ತಡದ ಮುಳ್ಳನ್ನು ಒಂದು ಗೆರೆ ಮೇಲೇರಿಸುತ್ತಿದ್ದ. ಪಾಳಿ ಮುಗಿದಾಗ ಹೆಂಗಸರು ಸೆರಗಿಗೆ ಅಂಟಿದ ಹತ್ತಿಯನ್ನು ಗಾಳಿಯ ಕೊಳವೆ ಹಿಡಿದು ಊದಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಗಂಡಸರು ಅದೇ ಕೊಳವೆಯನ್ನು ಅಂಗಿಯೊಳಗೆ ಬಿಟ್ಟುಕೊಂಡು ಹಾಯೆನ್ನುತ್ತಿದ್ದರು. ಊದಿಕೊಳ್ಳಲಿ ಬಿಡಿ, ಗಾಳಿ ತಾನೆ, ದೇವರು ಕೊಟ್ಟದ್ದು ಎಂದು ಅವನು ನಗುತ್ತಿದ್ದ. ದೇವರು ಕೊಟ್ಟ ಗಾಳಿಯನ್ನು ಕೊಳವೆಯೊಳಗೆ ತುರುಕಲು ಎಷ್ಟು ಕರೆಂಟು ಸುಡುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದನ್ನು ಅವನು ಪ್ರೀತಿ ಎಂದುಕೊಂಡಿದ್ದ.

ಅವನ ಹೆಂಡತಿ ಅದೇ ಮಿಲ್ಲಿನಲ್ಲಿ, ಹಿಂದಿನ ಸಾಲಿನ ಮಗ್ಗಗಳನ್ನು ನೋಡುತ್ತಿದ್ದಳು. ಕೊಳವೆ ಇಡೀ ಶೆಡ್ಡನ್ನು ಸುತ್ತಿ ಕೊನೆಗೆ ಮುಟ್ಟುತ್ತಿದ್ದ ಸಾಲು ಅದು. ಹೆಚ್ಚು ಕೆಂಪು ದೀಪ ಹತ್ತುತ್ತಿದ್ದದ್ದೂ ಅಲ್ಲಿಯೇ. ಮಧ್ಯಾಹ್ನ ಇಬ್ಬರೂ ಬೇವಿನ ಮರದ ಕೆಳಗೆ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಗಾಳಿ ಸಾಕಾ ಎಂದು ಅವನು ದಿನಾ ಕೇಳುತ್ತಿದ್ದ. ಸಾಕು ಎಂದು ಅವಳು ದಿನಾ ಹೇಳುತ್ತಿದ್ದಳು. ಅವಳು ಬೇಕು ಎನ್ನುವ ಜಾತಿಯವಳಲ್ಲ ಎಂದು ಅವನಿಗೆ ಗೊತ್ತು. ಊಟವಾದ ಮೇಲೆ ಕೋಣೆಗೆ ಹೋಗಿ, ಇದು ನನ್ನವಳಿಗೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮುಳ್ಳನ್ನು ಇನ್ನೊಂದು ಕೂದಲೆಳೆಯಷ್ಟು ಏರಿಸುತ್ತಿದ್ದ. ಹೀಗೆ ಹನ್ನೊಂದು ವರ್ಷ ನಡೆಯಿತು.

ಒಂದು ದಿನ ಮಾಲೀಕ ಕಂಪ್ರೆಸರ್ ಕೋಣೆಗೆ ಬಂದ. ಯಂತ್ರದ ಮೈ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. ಬಟ್ಟೆ ನೇಯುವುದಕ್ಕಿಂತ ಗಾಳಿ ಊದುವುದಕ್ಕೇ ಹೆಚ್ಚು ಕರೆಂಟು ಹೋಗುತ್ತಿದೆ, ಹೀಗೇ ಆದರೆ ಈ ಯಂತ್ರವೂ ಉಳಿಯುವುದಿಲ್ಲ ಎಂದ. ಇನ್ನೊಂದು ಯಂತ್ರ ತರಿಸಿ ಎಂದು ಗಾಳಿಯವನು ಬೇಡಿಕೊಂಡ. ಮಾಲೀಕ ಒಪ್ಪಲಿಲ್ಲ. ಅವನೇನೂ ಕೆಟ್ಟವನಲ್ಲ, ಅಷ್ಟು ದುಡ್ಡು ಹೊಂದಿಸಲು ಕೈಲಾಗದವನು. ಆಯುಧಪೂಜೆಯ ರಜ ಕಳೆದ ಮೇಲೆ ಹಿಂದಿನ ಸಾಲಿನ ಹನ್ನೆರಡು ಮಗ್ಗಗಳನ್ನು ಕಾಯಂ ನಿಲ್ಲಿಸಿಬಿಡುತ್ತೇನೆ, ಅಲ್ಲಿಯ ನಾಲ್ಕು ಹೆಂಗಸರು ಬೇರೆ ಕಡೆ ಕೆಲಸ ನೋಡಿಕೊಳ್ಳಲಿ ಎಂದು ಹೇಳಿ ಹೊರಟುಹೋದ.

ಗಾಳಿಯವನು ಅಂದು ಮಧ್ಯಾಹ್ನ ಉಣ್ಣಲಿಲ್ಲ. ಹೆಂಡತಿಗೆ ವಿಷಯ ಆಗಲೇ ಮುಟ್ಟಿತ್ತು. ಅವಳು ಮಗ್ಗದ ಮುಂದೆ ನಿಂತರೆ ತವರಿನಲ್ಲಿ ನಿಂತ ಹಾಗೆ ಇರುತ್ತಾಳೆ, ಅದು ಅವನಿಗೆ ಗೊತ್ತಿತ್ತು. ತಾನು ಇಷ್ಟು ವರ್ಷ ಜೀವ ತೇದು ಗಾಳಿ ಕಳಿಸಿದ್ದು ಅವಳ ಸಾಲಿಗೆ. ಈಗ ಆ ಸಾಲೇ ಇಲ್ಲ. ತನ್ನ ಪ್ರೀತಿಯಲ್ಲಿ ಎಲ್ಲಿ ಕೊರತೆಯಾಯಿತು ಎಂದು ಅವನು ಕೊರಗಿದ. ಕೊರಗಿ ಮಾಡಿದ್ದೇನು ಅಂದರೆ, ಮುಳ್ಳನ್ನು ಮತ್ತೊಂದು ಗೆರೆ ಏರಿಸಿದ.

ಆಯುಧಪೂಜೆಯ ಬೆಳಿಗ್ಗೆ ಬಂತು. ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಅಂದು ಎಲ್ಲ ಮಗ್ಗಗಳನ್ನೂ ನಿಲ್ಲಿಸಿ, ಗಾಳಿ ಹಿಡಿದು ದೂಳು ಊದಿ, ಒರೆಸಿ, ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದರು. ಅದಕ್ಕಾಗಿ ಕಂಪ್ರೆಸರ್ ಒಂದು ಮಾತ್ರ ಓಡುತ್ತಿರಬೇಕು. ಎಲ್ಲರದೂ ಮುಗಿದ ಮೇಲೆ ಕಟ್ಟಕಡೆಗೆ ಅದನ್ನು ನಿಲ್ಲಿಸಿ ಪೂಜೆ ಮಾಡಬೇಕು. ಅದಕ್ಕೇ ಗಾಳಿಯವನು ಪ್ರತಿ ವರ್ಷವೂ ತನ್ನ ಕೋಣೆಯಲ್ಲೇ ಉಳಿಯುತ್ತಿದ್ದ, ಶೆಡ್ಡಿನ ಪೂಜೆಯನ್ನು ನೋಡಿದವನೇ ಅಲ್ಲ. ಈ ಸಲ ಹೆಂಡತಿಯ ಮಗ್ಗಕ್ಕೆ ಇದು ಕೊನೆಯ ಪೂಜೆ. ಅವನಿಗೆ ತಡೆಯಲಾಗಲಿಲ್ಲ. ಸೇವಂತಿಗೆಯ ಮಾಲೆ ಹಿಡಿದು, ಯಂತ್ರ ಓಡುತ್ತಿದ್ದ ಹಾಗೆಯೇ ಶೆಡ್ಡಿಗೆ ಬಂದ.

ಊದುವ ಕೆಲಸ ಮುಗಿದಿತ್ತು. ಹೆಂಗಸರು ರಂಗೋಲಿ ಹಾಕುತ್ತಿದ್ದರು. ಮಗ್ಗಗಳೆಲ್ಲ ಮೌನವಾಗಿದ್ದವು. ಆ ಶೆಡ್ಡು ಸುಮ್ಮನಿದ್ದದ್ದನ್ನು ಗಾಳಿಯವನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಂಡ. ಆಗ ಪಕ್ಕದ ಮಗ್ಗದ ಅಡಿಯಲ್ಲಿ ಬುಸ್ಸೆಂದಿತು. ಹಾವು ಎಂದು ಹೊಸಬಳೊಬ್ಬಳು ಬೆಂಚು ಹತ್ತಿದಳು. ಇನ್ನೊಂದು ಕಡೆ ಬುಸ್ಸೆಂದಿತು. ತಲೆಯ ಮೇಲಿನ ಕೊಳವೆಯಿಂದಲೂ ಬುಸ್ಸೆಂದಿತು. ಹಾವಿಗೆ ಅಷ್ಟು ಎತ್ತರದಲ್ಲಿ ಏನು ಕೆಲಸ ಎಂದು ಎಲ್ಲರೂ ನಕ್ಕರು.

ಗಾಳಿಯವನು ನಗಲಿಲ್ಲ. ಒಂದು ಮಗ್ಗವೂ ಓಡುತ್ತಿಲ್ಲ, ಒಬ್ಬರೂ ಗಾಳಿ ತೆಗೆದುಕೊಳ್ಳುತ್ತಿಲ್ಲ. ಆದರೂ ಹಿತ್ತಲಲ್ಲಿ ಅವನ ಯಂತ್ರ ಉಸಿರು ತಿರುಗಿಸಿಕೊಳ್ಳದೆ ದುಡಿಯುತ್ತಿತ್ತು. ಉಣ್ಣುವವರು ಎದ್ದುಹೋದ ಪಂಕ್ತಿಗೆ ಬಡಿಸುತ್ತಲೇ ಇದ್ದ ಹಾಗಾಯಿತು. ತಾನು ಏರಿಸಿದ ಒಂದೊಂದು ಗೆರೆಯೂ ಕೊಳವೆಯಲ್ಲಿ ಬುಸ್ಸೆನ್ನುವ ಈ ತೂತುಗಳಿಗೇ ಹಬ್ಬವಾಗಿತ್ತು ಎಂದು ಅವನಿಗೆ ಆಗ ಹೊಳೆಯಿತು. ಒತ್ತಡ ಹೆಚ್ಚಿಸಿದಷ್ಟೂ ಅವು ಹೆಚ್ಚು ಕುಡಿದವು. ಹಿಂದಿನ ಸಾಲಿಗೆ ಉಳಿದ ಎಂಜಲು ಮಾತ್ರ ಮುಟ್ಟಿತು.

ನೆಲ ತೊಳೆಯಲು ಕಲಸಿಟ್ಟ ಸೋಪಿನ ನೀರು ಅಲ್ಲೇ ಇತ್ತು. ಅವನು ಅದನ್ನು ಕುಂಚದಲ್ಲಿ ಅದ್ದಿ ಕೊಳವೆಗಳ ಸಂದು ಸಂದಿಗೂ ಹಚ್ಚುತ್ತ ಹೋದ. ಸೋರುವ ಕಡೆಯೆಲ್ಲ ನೊರೆ ಎದ್ದು ಗುಳ್ಳೆಯಾಯಿತು. ಹೀಗೆ ಹಚ್ಚುತ್ತ ಹಚ್ಚುತ್ತ ಹಿಂದಿನ ಸಾಲಿಗೆ ಬಂದ. ಅವನಿಗೆ ಮೊದಲಿನಿಂದಲೂ ಮಂಡಿನೋವು, ಆದರೂ ಬಗ್ಗಿ ಮಗ್ಗದ ಅಡಿಗೆ ನೋಡಿದ. ಅಲ್ಲಿ ಕೊಳವೆಯ ಸಂದುಗಳಿಗೆ ಯಾರೋ ನೂಲು ಸುತ್ತಿ ಬಿಗಿದಿದ್ದರು. ಸುತ್ತಿನ ಮೇಲೆ ಸುತ್ತು, ಗಂಟಿನ ಮೇಲೆ ಗಂಟು, ಒಂದೊಂದೂ ಹಿಡಿ ಗಾತ್ರ.

ನೇಯುವವರ ಕೈಗೆ ಅದು ಸಹಜ. ಏನು ಹರಿದರೂ ಅವರಿಗೆ ಗೊತ್ತಿರುವ ಮದ್ದು ಒಂದೇ, ಗಂಟು. ಹರಿದ ನೂಲಿಗೆ ಅದು ಸರಿ. ಗಾಳಿಗೆ ಗಂಟಿನ ಭಯವಿಲ್ಲ, ಅದು ನೂಲಿನ ಸಂದಿಯಿಂದ ನುಸುಳಿ ಹೋಗುತ್ತದೆ. ಗಂಟು ಕಟ್ಟಿದರೆ ಅಡಗುವುದು ಸದ್ದು ಮಾತ್ರ. ಗಾಳಿಯವನು ಒಂದು ಗಂಟನ್ನು ಬಿಚ್ಚಿ ಬೆರಳಲ್ಲಿ ಹಿಡಿದು ನೋಡಿದ. ಅದು ಎಡಕ್ಕೆ ಹೊರಳಿದ ಗಂಟು. ಆ ಮಿಲ್ಲಿನಲ್ಲಿ ಎಡಗೈಯವಳು ಒಬ್ಬಳೇ. ದಿನಾ ಅವನ ಊಟದ ಡಬ್ಬಿಯ ಬಟ್ಟೆಗೂ ಅದೇ ಗಂಟು ಬೀಳುತ್ತಿತ್ತು.

ಅವನಿಗೆ ಸಿಟ್ಟು ನೆತ್ತಿಗೇರಿತು. ಹೆಂಡತಿಯನ್ನು ಕರೆದು, ಗಂಟನ್ನು ತೋರಿಸಿ, "ಇದನ್ನ ನಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ಹೇಳಿದ್ರೆ ಆ ಮಂಡಿ ಇಟ್ಕೊಂಡು ಮಗ್ಗದಡಿ ತೆವಳೋಕೆ ಬರ್ತಿದ್ರಿ. ಸದ್ದು ನಿಂತ್ರೆ ಸಾಕು, ನಿಮಗೆ ಗೊತ್ತಾಗೋದು ಬ್ಯಾಡ ಅಂತ ಕಟ್ಟಿದೆ," ಎಂದಳು ಅವಳು.

ಅವನ ಸಿಟ್ಟು ಅಲ್ಲೇ ಕರಗಿತು. ಆದರೂ ಒಂದು ನೋವು ಉಳಿದಿತ್ತು. "ನಾನು ದಿನಾ ಕೇಳ್ತಿದ್ನಲ್ಲ, ಗಾಳಿ ಸಾಕಾ ಅಂತ."

"ಗಾಳಿ ಸಾಕಾ ಅಂತ ಕೇಳ್ತಿದ್ರಿ. ಮಗ್ಗದ ಹತ್ರ ಒಂದು ದಿನಾನೂ ಬಂದು ನಿಂತ್ಕೊಳ್ಲಿಲ್ಲ."

ಗಾಳಿಯವನು ಮಾಲೆಯನ್ನು ಅವಳ ಮಗ್ಗಕ್ಕೆ ಹಾಕಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವಳೂ ಕೂತಳು. ಅವನು ಅವಳಿಗಾಗಿ ಏರಿಸಿದ್ದ, ಅವಳು ಅವನಿಗಾಗಿ ಮುಚ್ಚಿದ್ದಳು. ನಡುವೆ ಗಾಳಿ ಸುಮ್ಮನೆ ಹಾಳಾಗಿ ಹೋಗಿತ್ತು. ಇಬ್ಬರಿಗೂ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ರಜೆಯ ಮೂರು ದಿನವೂ ಅವರು ಮನೆಗೆ ಹೋಗಿದ್ದು ಉಣ್ಣಲು ಮಲಗಲು ಮಾತ್ರ. ಅವಳು ಮಗ್ಗದಡಿ ತೆವಳಿದಳು, ಅವನು ಮೇಲೆ ನಿಂತು ಹೊಸ ವಾಷರು, ಕೊಳವೆ ಬಿಗಿಯುವ ಹೊಸ ಪಟ್ಟಿ ಕೊಡುತ್ತ ಬಂದ. ವಿಷಯ ತಿಳಿದು ಉಳಿದವರೂ ಒಬ್ಬೊಬ್ಬರಾಗಿ ಬಂದು, ನನ್ನ ಮಗ್ಗದ ಕೆಳಗೂ ಎರಡು ಗಂಟಿದೆ, ಮೂರು ಗಂಟಿದೆ ಎಂದು ತಲೆ ಕೆರೆದುಕೊಂಡು ಒಪ್ಪಿಕೊಂಡರು. ಬಿಚ್ಚಿ ತೆಗೆದ ನೂಲು ಒಂದು ಗೋಣಿಚೀಲ ತುಂಬಿತು. ಊದಿಕೊಳ್ಳುವ ಕೊಳವೆಯನ್ನು ಗಾಳಿಯವನು ಕಳಚಿ ಒಳಗಿಟ್ಟು, ಹತ್ತಿ ಕೊಡವಿಕೊಳ್ಳಲು ಗೋಡೆಗೆ ಬ್ರಷ್ಷುಗಳನ್ನು ತೂಗುಹಾಕಿದ. ಹೆಂಗಸರು ಗೊಣಗಿದರು. ಅವನು ಜೀವನದಲ್ಲಿ ಮೊದಲ ಸಲ ಇಲ್ಲ ಎಂದ. ಅವನ ಕಿವಿ ಕೆಂಪಾಯಿತಂತೆ.

ಮಿಲ್ಲು ಮತ್ತೆ ಶುರುವಾದ ದಿನ ಅವನು ಮುಳ್ಳನ್ನು ಒಂದು ಗೆರೆ ಇಳಿಸಿದ. ಹಿಂದಿನ ಸಾಲು ನಡೆಯಿತು. ಇನ್ನೊಂದು ಗೆರೆ ಇಳಿಸಿದ. ಆಗಲೂ ನಡೆಯಿತು. ಎಷ್ಟೋ ವರ್ಷದ ಹಿಂದೆ ಮುಳ್ಳು ಎಲ್ಲಿತ್ತೋ ಅಲ್ಲಿಗೇ ಬಂದರೂ ಹೊಕ್ಕಿನ ನೂಲು ಅಂಚಿನಿಂದ ಅಂಚಿಗೆ ಹಾಯಾಗಿ ದಾಟುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ ಯಂತ್ರದ ಸದ್ದು ಇದ್ದಕ್ಕಿದ್ದಂತೆ ಇಳಿಯಿತು. ಕೆಟ್ಟೇಹೋಯಿತು ಎಂದು ಗಾಳಿಯವನು ಡಬ್ಬಿ ಬಿಟ್ಟು ಕುಂಟುತ್ತ ಓಡಿದ. ಯಂತ್ರ ಕೆಟ್ಟಿರಲಿಲ್ಲ. ಬೇಕಾದಷ್ಟು ತುಂಬಿದ ಮೇಲೆ ಅದು ಸ್ವಲ್ಪ ದಣಿವಾರಿಸಿಕೊಳ್ಳುತ್ತಿತ್ತು. ಇಷ್ಟು ವರ್ಷ ಅದಕ್ಕೆ ಆ ಪುರುಸೊತ್ತೇ ಸಿಕ್ಕಿರಲಿಲ್ಲ.

ಮಾಲೀಕ ಬಂದು ಯಂತ್ರದ ಮೇಲೆ ಕೈ ಇಟ್ಟ. ಈ ಸಲ ಕೈ ತೆಗೆಯಲಿಲ್ಲ. ಹಿಂದಿನ ಸಾಲು ಉಳಿಯಿತು, ನಾಲ್ಕು ಹೆಂಗಸರ ಕೆಲಸವೂ ಉಳಿಯಿತು. ಅಂದಿನಿಂದ ಆ ಮಿಲ್ಲಿನಲ್ಲಿ ವಾರದ ರಜೆಗೆ ಮೊದಲು ಮಗ್ಗಗಳನ್ನೆಲ್ಲ ನಿಲ್ಲಿಸಿ, ಗಾಳಿಯನ್ನು ಮಾತ್ರ ಹರಿಯಬಿಟ್ಟು, ಸ್ವಲ್ಪ ಹೊತ್ತು ಸೋರುವ ಸದ್ದಿಗೆ ಕಿವಿಗೊಟ್ಟು ಶೆಡ್ಡಿನಲ್ಲಿ ಓಡಾಡುವುದು ರೂಢಿಯಾಯಿತು. ಗಾಳಿಯವನೂ ಅವನ ಹೆಂಡತಿಯೂ ಮುಂದೆ ಇರುತ್ತಿದ್ದರು. ಅವನ ಕೈಯಲ್ಲಿ ಸೋಪಿನ ನೀರು, ಅವಳ ಕೈಯಲ್ಲಿ ಕುಂಚ.

ಕತೆ ಮುಗಿಯುವಷ್ಟರಲ್ಲಿ ಮೊರದಲ್ಲಿ ಅವರೆಕಾಳು ತುಂಬಿತ್ತು. ಹಾಲೇಶನಿಗೆ ಗಾಳಿಯವನು ಬಲು ಹಿಡಿಸಿದ್ದ. ಸ್ವಲ್ಪ ಯೋಚಿಸಿ, ತಾನು ಅಕ್ಕನಿಗೆ ಕೊಟ್ಟದ್ದೂ ಹೀಗೇ ಎಲ್ಲೋ ಸೋರಿಹೋಗುತ್ತಿರಬೇಕು, ಆ ತೂತು ಎಲ್ಲಿದೆ ಎಂದು ತಾವೇ ಹೇಳಬೇಕು ಎಂದು ಕೈಮುಗಿದ.

ಸ್ವಾಮಿಗಳು ಅವನ ಬೆನ್ನ ಮೇಲೆ ಕೈ ಇಟ್ಟರು.

"ನೀನು ಕೊಟ್ಟದ್ದನ್ನೆಲ್ಲ ಹೇಳಿದೆ ತಮ್ಮಾ, ಅಕ್ಕ ಏನು ಕೇಳಿದ್ಳು ಅಂತ ಇನ್ನೂ ಹೇಳ್ಲಿಲ್ಲ."

ಹಾಲೇಶ ಎದ್ದು ಚಪ್ಪಲಿ ಮೆಟ್ಟಿದ. ಅಂಗಡಿಯ ಕಡೆ ಹೋಗದೆ ಅಕ್ಕನ ಮನೆಯ ದಾರಿ ಹಿಡಿದ.