ರಾಣಿ ಒದೆಯದ ಸೇರು

"ಹೊನ್ನಳಿವೆಯ ಜನರೇ ಕೇಳಿ! ದೊರೆ ತೀರಿಹೋಗಿ ವರ್ಷವಾಯಿತು. ರಾಣಿ ಪದ್ಮಲಾದೇವಿಯವರ ಮೂರು ಒಗಟು ಬಿಡಿಸಿದವನೇ ಐದು ವರ್ಷದ ರಾಜಕುಮಾರನಿಗೆ ಪಾಲಕ. ತಪ್ಪು ಹೇಳಿದವನಿಗೆ ಹೊತ್ತು ಮುಳುಗಿದೊಡನೆ ತಲೆದಂಡ. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ರಾಣಿ ಮಗುವನ್ನು ಬಿಟ್ಟು ತನ್ನ ದೇಶದ ಹಡಗು ಹತ್ತಬೇಕು!" ಎಂದು ಡಂಗುರದವನು ಸಾರಿದ.

ಕೊನೆಯ ಎರಡು ಷರತ್ತು ಸೇರಿಸಿದವನು ರಾಣಿಯ ಮೈದುನ ವೀರಭುಜ. ಕಡಲಾಚೆಯ ಹೆಣ್ಣು ನಮ್ಮ ವಂಶದ ಕುಡಿಯನ್ನು ಸಾಕುವುದೇ ಎಂದು ಅವನಿಗೆ ಹೊಟ್ಟೆಯುರಿ. ತಾನು ಮಾತ್ರ ಜಾಣ, ಒಗಟಿನ ತಂಟೆಗೆ ಹೋಗಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು.

ತುಂಬಿದ ಸಭೆಯಲ್ಲಿ ರಾಣಿ ಕೇಳಿದಳು: "ನಾನು ಈ ಮನೆಗೆ ಬಂದ ದಿನ ಎಲ್ಲರೂ ಏನಾದರೊಂದು ಕೊಟ್ಟಿರಿ. ಅಂದೇ ನನ್ನದೊಂದನ್ನು ಕಿತ್ತುಕೊಂಡಿರಿ. ಏನದು?"

"ತವರಿನ ಮುತ್ತಿನ ಸರ" ಎಂದ ಸೇನಾಪತಿ. ಅವನನ್ನು ಕೈಕಟ್ಟಿ ಒಯ್ದರು. "ನಿಮ್ಮ ದೇವರು" ಎಂದ ಪಂಡಿತನನ್ನೂ ಒಯ್ದರು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಮಗು ರಾಣಿಯ ತೊಡೆಯ ಮೇಲೆ ನಿದ್ದೆ ಹೋಯಿತು. ಹಡಗಿಗೆ ಕುಡಿಯುವ ನೀರು ತುಂಬಲು ವೀರಭುಜ ಆಳು ಕಳಿಸಿದ.

ಆಗ ಹಿಂದಿನಿಂದ ಅಂಬಿಗರ ದುಗ್ಗ ಎದ್ದ. ಹತ್ತು ವರ್ಷದ ಹಿಂದೆ, ಇನ್ನೂ ಮೀಸೆ ಮೂಡದಿದ್ದಾಗ, ಮದುಮಗಳನ್ನು ಹಡಗಿನಿಂದ ದೋಣಿಯಲ್ಲಿ ದಡಕ್ಕೆ ತಂದವನು ಅವನೇ.

"ಹೆಸರು, ತಾಯಿ. ಅಕ್ಕಿಯ ಮೇಲೆ ಉಂಗುರದಲ್ಲಿ ಪದ್ಮಲಾದೇವಿ ಅಂತ ಬರೆಸಿದ್ರಲ್ಲ, ಅವತ್ತೇ ಹಳೇ ಹೆಸರು ಹೋಯ್ತು. ನಿಮ್ಮಮ್ಮ ಹಡಗಿನ ಮೇಲಿಂದ 'ಮೆಯಾರಾ, ಮೆಯಾರಾ' ಅಂತ ಅಳ್ತಾ ಕೂಗಿದ್ದು ನನ್ನ ಕಿವೀಲಿ ಇನ್ನೂ ಇದೆ."

ಮಗುವಿನ ತಲೆ ಸವರುತ್ತಿದ್ದ ರಾಣಿಯ ಕೈ ನಿಂತಿತು. "ಸರಿ. ಕಾಲು ತಾಗಿಸಿದ್ದರೆ ಶುಭ, ಕೈಯಲ್ಲಿ ಎತ್ತಿದ್ದಕ್ಕೆ ಅಪಶಕುನ. ಯಾವುದು?"

"ಹೊಸಿಲ ಮೇಲಿನ ಅಕ್ಕಿ ಸೇರು. ನಮ್ಮಲ್ಲಿ ಮದುಮಗಳು ಅದನ್ನ ಬಲಗಾಲಲ್ಲಿ ಉರುಳಿಸಿ ಒಳಗೆ ಬರ್ತಾಳೆ. ನೀವು ಅನ್ನವನ್ನ ಒದೆಯೋದು ಹೇಗೆ ಅಂತ ಬಗ್ಗಿ ಎತ್ತಿ ಕಣ್ಣಿಗೊತ್ಕೊಂಡ್ರಿ. ದೊರೆ ತೀರಿದ್ದು ಅದಕ್ಕೇ ಅಂತ ಇವತ್ತಿಗೂ ಆಡ್ಕೊಳ್ತಾರೆ."

ವೀರಭುಜ ನೆಲ ನೋಡಿದ. ಸೂರ್ಯ ಕಡಲಿಗೆ ತಾಗಿದ್ದ.

"ಅದೂ ಸರಿ" ಎಂದಳು ರಾಣಿ. "ಈ ನಾಡಿನಲ್ಲಿ ದಾರಿಹೋಕನನ್ನೂ ಕೇಳುವ ಮಾತೊಂದಿದೆ. ದೊರೆ ಇರುವತನಕ ಅವರೊಬ್ಬರು ನನ್ನನ್ನು ಕೇಳುತ್ತಿದ್ದರು. ಅವರು ಹೋದ ಮೇಲೆ ಯಾರೂ ಕೇಳಿಲ್ಲ. ಏನದು?"

ದುಗ್ಗನಿಗೆ ಹೊಳೆಯಲಿಲ್ಲ. ಕತ್ತಿ ಹಿಡಿದವನು ಪಕ್ಕಕ್ಕೆ ಬಂದು ನಿಂತ. ಸೂರ್ಯ ಅರ್ಧ ಮುಳುಗಿದ. ದುಗ್ಗ ತಲೆಯೆತ್ತಿ ನೋಡಿದರೆ ರಾಣಿಯ ತುಟಿ ಒಣಗಿ ಬಿರಿದಿತ್ತು. ಪಾಪ ಅನ್ನಿಸಿತು. ಒಗಟು, ಕತ್ತಿ ಎರಡೂ ಮರೆತುಹೋದವು.

"ಬೆಳಗಿನಿಂದ ಕೂತಲ್ಲೇ ಕೂತಿದ್ದೀರಲ್ಲ ತಾಯಿ," ಎಂದ. "ಊಟ ಆಯ್ತಾ?"

ರಾಣಿ ಅಳುವುದನ್ನು ಹೊನ್ನಳಿವೆ ಅಂದು ಮೊದಲ ಸಲ ಕಂಡಿತು.

"ಇಲ್ಲಪ್ಪ, ಆಗಿಲ್ಲ" ಎಂದಳು. "ಅದೇ ಮಾತು. ಅದೇ ಉತ್ತರ." ಎದ್ದು ಬಂದು ನಿದ್ದೆಗಣ್ಣಿನ ಮಗುವನ್ನು ದುಗ್ಗನ ತೋಳಿಗೆ ಕೊಟ್ಟಳು. "ಇನ್ನು ನೀನೇ ಇವನ ಪಾಲಕ. ಬೇರೇನು ಬೇಕು, ಕೇಳು."

"ಆ ಇಬ್ಬರನ್ನ ಬಿಟ್ಟುಬಿಡಿ ತಾಯಿ. ಅವರದೂ ಊಟ ಆಗಿಲ್ಲ."

ಅಂದು ಅರಮನೆಯಲ್ಲಿ ಎಲ್ಲರಿಗೂ ಎಲೆ ಹಾಕಿದರು. ವೀರಭುಜನಿಗೂ ಹಾಕಿದರು, ರಾಣಿಗೆಂದು ತಾನೇ ಅಣಿ ಮಾಡಿಸಿದ ಹಡಗನ್ನು ಉಂಡೇ ಹತ್ತಲಿ ಎಂದು.